ದೇವರ ಮೇಲೆ ಭಾರ ಹಾಕೋದು ಅಂದ್ರೆ ಏನು ಮಾಡೋದು?

ಪ್ರಶ್ನೆ: ನಾನು ಹುಟ್ಟಿದ್ದೇ ವಿಶ್ವಾಸಿ ಕುಟುಂಬದಲ್ಲಿ. ಭಾನುವಾರದ ಆರಾಧನೆ ತಪ್ಪಿಸಿದ್ದು ಕಡಿಮೆ. ಐದು ತಿಂಗಳ ಹಿಂದೆ ಕೆಲಸ ಹೋಯಿತು. ಭಾನುವಾರ ಹಾಡುವಾಗ ಧೈರ್ಯ ಇರುತ್ತದೆ. ಸೋಮವಾರ ಕಣ್ಣು ಬಿಟ್ಟರೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ಎಲ್ಲರೂ ‘ದೇವರ ಮೇಲೆ ಭಾರ ಹಾಕು’ ಅಂತಾರೆ. ಸಭೆಯ ಹಿರಿಯರೊಬ್ಬರು ‘ನೀನು ಅಲ್ಲಿ ಇಲ್ಲಿ ಅರ್ಜಿ ಹಾಕಿಕೊಂಡು ಓಡಾಡೋದೇ ಅಪನಂಬಿಕೆ, ಸುಮ್ನೆ ಕಾಯಿ’ ಅಂದರು. ಈಗ ಒಂದು ಕೆಲಸ ಸಿಗುವ ಹಾಗಿದೆ. ಆದರೆ ಲೆಕ್ಕದಲ್ಲಿ ಸುಳ್ಳು ಬರೆಯಬೇಕಾಗುತ್ತದೆ ಅಂತ ಮೊದಲೇ ಸೂಚನೆ ಕೊಟ್ಟಿದ್ದಾರೆ. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಇದನ್ನು ಹೆಂಡತಿಗೂ ಹೇಳಿಲ್ಲ. ನನ್ನ ನಂಬಿಕೆ ಅಷ್ಟು ಕಮ್ಮಿಯೇ? ಭಾರ ಹಾಕೋದು ಅಂದರೆ ನಿಜವಾಗಿ ಏನು ಮಾಡಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಭಾರ ಹಾಕು’ ಅನ್ನುವ ಮಾತು ಬಳಸಿ ಬಳಸಿ ಸವೆದುಹೋಗಿದೆ. ಮುಂದೆ ಏನು ಹೇಳಬೇಕೋ ತೋಚದಾಗ ಅದನ್ನು ಹೇಳಿ ಎದ್ದುಬಿಡುತ್ತೇವೆ. ಸತ್ಯವೇದ (ಬೈಬಲ್) ಕಲಿಸುವುದು, ಕಷ್ಟದಲ್ಲಿರುವವರ ಮಾತು ಕೇಳುವುದು ನನ್ನ ಕೆಲಸ. ಹಾಗಿದ್ದೂ ಎಷ್ಟೋ ಸಲ ಬಾಗಿಲ ಹತ್ತಿರ ನಿಂತು ‘ಎಲ್ಲಾ ದೇವರ ಮೇಲೆ ಹಾಕಿ’ ಅಂತ ಹೇಳಿ ಹೊರಟುಬಂದಿದ್ದೇನೆ. ಅವತ್ತು ಆ ಮಾತಿನಿಂದ ಹಗುರಾದದ್ದು ನಾನು. ಅವರ ಭಾರ ಅಲ್ಲೇ ಇತ್ತು.

ಈ ಮಾತು ಬರುವುದು ಸತ್ಯವೇದದ 55ನೇ ಕೀರ್ತನೆಯಲ್ಲಿ. ‘ನಿನ್ನ ಚಿಂತಾಭಾರವನ್ನು ಯೆಹೋವನ ಮೇಲೆ ಹಾಕು’ ಅನ್ನುವುದು ಅದರ 22ನೇ ವಚನ. ಮೊದಲು ಆ ಸಂಖ್ಯೆಯನ್ನು ಗಮನಿಸಿ. ಇಪ್ಪತ್ತೆರಡು! ಅದಕ್ಕೆ ಮುಂಚೆ ಇಪ್ಪತ್ತೊಂದು ವಚನ ಆ ಕೀರ್ತನೆ ಹಾಡಿದ ಮನುಷ್ಯ ಏನು ಮಾಡುತ್ತಿದ್ದ? ಗೋಳಾಡುತ್ತಿದ್ದ. ಎದೆ ಹಿಂಡುತ್ತಿದೆ, ಮೈ ನಡುಗುತ್ತಿದೆ ಅನ್ನುತ್ತಾನೆ. ಪಾರಿವಾಳದ ಹಾಗೆ ರೆಕ್ಕೆ ಇದ್ದಿದ್ದರೆ ಹಾರಿಹೋಗಿ ಎಲ್ಲಾದರೂ ದೂರ ಇದ್ದುಬಿಡುತ್ತಿದ್ದೆ ಅನ್ನುತ್ತಾನೆ. ಶತ್ರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ಮಾಡಿದ್ದು ನನ್ನ ಜೊತೆಯಲ್ಲೇ ದೇವಾಲಯಕ್ಕೆ ಬರುತ್ತಿದ್ದ ಗೆಳೆಯ ಅಂತ ಕೊರಗುತ್ತಾನೆ. ನಡುವೆ, 17ನೇ ವಚನದಲ್ಲಿ, ಸಂಜೆ, ಬೆಳಗ್ಗೆ, ಮಧ್ಯಾಹ್ನ ಮೂರು ಹೊತ್ತೂ ಮೊರೆಯಿಡುತ್ತೇನೆ ಅನ್ನುತ್ತಾನೆ. ಇಷ್ಟೆಲ್ಲ ಆದಮೇಲೆ ಆ 22ನೇ ವಚನ. ನಾವು ಅದೊಂದನ್ನೇ ಕತ್ತರಿಸಿ ಕ್ಯಾಲೆಂಡರಿಗೆ ಹಾಕಿಕೊಂಡಿದ್ದೇವೆ, ಅಲ್ವಾ?

ಹಾಗಾಗಿ ಸೋಮವಾರ ಬೆಳಗ್ಗೆ ಎದೆ ಮೇಲೆ ಕಲ್ಲು ಕೂತಿದ್ದರೆ ನಂಬಿಕೆ ಹೋಯಿತು ಅಂದುಕೊಳ್ಳಬೇಡಿ. ನೀವು ಇನ್ನೂ ಆ ಕೀರ್ತನೆಯ ಮೊದಲ ಅರ್ಧದಲ್ಲಿದ್ದೀರಿ, ಅಷ್ಟೇ. ಅದೂ ಸತ್ಯವೇದದ ಒಳಗೇ ಇರುವ ಜಾಗ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಜೋಪಾನ ಮಾಡಿಟ್ಟಿದ್ದಾರೆ.

ಇನ್ನು ಆ ವಚನದ ಎರಡನೇ ಅರ್ಧ. ಭಾರ ಹಾಕಿದರೆ ದೇವರು ಏನು ಮಾಡುತ್ತಾನಂತೆ? ‘ಭಾರ ತೆಗೆದುಬಿಡುತ್ತಾನೆ’ ಅಂತ ಅಲ್ಲಿಲ್ಲ. ಅಲ್ಲಿರುವ ಹೀಬ್ರೂ ಮಾತಿಗೆ ಸಾಕು, ಸಲಹು, ಬೀಳದಂತೆ ಹಿಡಿದುಕೋ ಅನ್ನುವ ಅರ್ಥ. ಆದಿಕಾಂಡದಲ್ಲಿ ಬರಗಾಲದ ಕಾಲಕ್ಕೆ ಯೋಸೇಫ ತನ್ನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ಸಾಕಿದ ಅಂತ ಬರುವ ಕಡೆಯೂ ಇದೇ ಮಾತು. ಅಲ್ಲಿ ಏನಾಯಿತು ನೋಡಿ. ಬರ ನಿಲ್ಲಲಿಲ್ಲ. ಏಳು ವರ್ಷ ಪೂರ್ತಿ ಇತ್ತು. ಆದರೆ ಧಾನ್ಯ ಬರುತ್ತಿತ್ತು, ಮನೆಯವರು ಬದುಕಿದರು. ದೇವರಲ್ಲಿ ಭರವಸೆ ಇಡುವುದು ಅಂದರೆ ನನಗೆ ಹೆಚ್ಚಾಗಿ ಈ ಚಿತ್ರವೇ ಕಣ್ಣ ಮುಂದೆ ಬರುತ್ತದೆ.

ಈಗ ಕೈಯಲ್ಲಿ ಮಾಡುವ ಕೆಲಸದ ಮಾತು. ಸಂಜೆ, ಬೆಳಗ್ಗೆ, ಮಧ್ಯಾಹ್ನ ಅಂತ ಆ ಕೀರ್ತನೆಯವನೇ ಹೇಳಿಕೊಟ್ಟಿದ್ದಾನಲ್ಲ, ಅದನ್ನು ಅಕ್ಷರಶಃ ಮಾಡಿ. ಬೆಳಗ್ಗೆ, ರಾತ್ರಿ ಪ್ರಾರ್ಥನೆ ಮಾಡುವ ರೂಢಿ ಹೇಗೂ ಇರುತ್ತದೆ. ತಪ್ಪಿಹೋಗುವುದು ಮಧ್ಯಾಹ್ನದ್ದು. ಚಿಂತೆ ಮೈ ತುಂಬಾ ಹರಡುವುದೂ ಆ ಹೊತ್ತಲ್ಲೇ. ನಾನು ಮಧ್ಯಾಹ್ನ ಒಂದು ಗಂಟೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ. ಒಂದು ದಿನ ಅದು ಹೊಡೆದುಕೊಂಡಾಗ ನಾನು ಒಬ್ಬರಿಗೆ ಖಾರವಾದ ಇಮೇಲ್ ಬರೆಯುತ್ತಾ ಕೂತಿದ್ದೆ. ಮೂರು ಪ್ಯಾರಾ ಆಗಿತ್ತು. ನಾಲ್ಕನೆಯದಕ್ಕೆ ಒಳ್ಳೆಯ ಪೆಟ್ಟು ಹುಡುಕುತ್ತಿದ್ದೆ. ಅಲಾರಂ ನಿಲ್ಲಿಸಿ, ‘ದೇವರೇ, ಈ ಮನುಷ್ಯನ ಮೇಲೆ ನನಗೆ ಕೆಂಡದಂಥ ಕೋಪ ಬಂದಿದೆ, ಶಾಂತಿ ಗೀಂತಿ ಏನೂ ಬೇಡ ಈಗ’ ಅಂದೆ. ಅಷ್ಟೇ ಪ್ರಾರ್ಥನೆ. ಕೋಪ ಇಳಿಯಲಿಲ್ಲ. ಆದರೆ ಇಮೇಲ್ ಕಳಿಸಲಿಲ್ಲ. ಸಂಜೆ ಓದಿ ನೋಡಿದರೆ ಎರಡು ಪ್ಯಾರಾ ಬರೀ ಸುಳ್ಳೇ ಇತ್ತು. ಭಾರ ಹಾಕುವುದು ಅಂದರೆ ನನ್ನ ಲೆಕ್ಕದಲ್ಲಿ ಇಂಥದ್ದು. ಇರುವುದನ್ನು ಇರುವ ಹಾಗೆ ದೇವರ ಮುಂದೆ ಬಾಯಿಬಿಟ್ಟು ಹೇಳಿ, ಆಮೇಲೆ ಮುಂದಿನ ಒಂದು ಕೆಲಸ ಮಾಡುವುದು. ಮತ್ತೆ ಸಂಜೆಗೆ ಅದೇ. ಒಂದು ಸಲ ಹಾಕಿ ಕೈ ತೊಳೆದುಕೊಳ್ಳೋಕೆ ಆಗುವುದಿಲ್ಲ. ಹಾಕಿದ ಭಾರ ಮಧ್ಯಾಹ್ನಕ್ಕೆ ಮತ್ತೆ ಹೆಗಲ ಮೇಲೆ ಬಂದು ಕೂತಿರುತ್ತದೆ. ಅದಕ್ಕೇ ಮೂರು ಹೊತ್ತು.

ಇದರ ಅಳತೆ ದಿನದ್ದು ಅನ್ನುವುದನ್ನೂ ಮರೆಯಬೇಡಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅನ್ನುತ್ತೇವೆ. ಅಲ್ಲಿ ‘ಅನುದಿನದ’ ಅಂತ ನಾವು ಹೇಳುವ ಜಾಗದಲ್ಲಿ ಮೂಲ ಗ್ರೀಕಿನಲ್ಲಿ ಒಂದು ವಿಚಿತ್ರ ಪದ ಇದೆ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅದು ಈ ಪ್ರಾರ್ಥನೆ ಬಿಟ್ಟು ಬೇರೆಲ್ಲೂ ಇಲ್ಲ. 3ನೇ ಶತಮಾನದಲ್ಲಿದ್ದ ಒರಿಗೆನ್ ಗ್ರೀಕ್ ಓದಿ ಬೆಳೆದ ಪಂಡಿತ. ಅವನೇ, ಈ ಪದವನ್ನು ಯಾರೂ ಬಳಸುವುದಿಲ್ಲ, ಯೇಸುವಿನ ಜೀವನವನ್ನು ಹೇಳುವ ಸುವಾರ್ತೆ ಬರೆದವರೇ ಹುಟ್ಟಿಸಿದ ಹಾಗಿದೆ ಅಂದಿದ್ದಾನೆ. ಇವತ್ತಿಗೆ ಬೇಕಾದದ್ದು ಅಂತ ಕೆಲವರು ಓದುತ್ತಾರೆ, ಬರುವ ದಿನಕ್ಕೆ ಬೇಕಾದದ್ದು ಅಂತ ಕೆಲವರು. ಹೇಗೆ ಓದಿದರೂ ಐದು ವರ್ಷದ್ದಂತೂ ಅಲ್ಲ.

ಇದರ ಹಿಂದೆ ಮನ್ನಾದ ಕಥೆ ಇದೆ, ಅಂದರೆ ಅಡವಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರದ ಕಥೆ. ವಿಮೋಚನಕಾಂಡ 16ನೇ ಅಧ್ಯಾಯ. ದಿನಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಹಿಡಿಯುವಷ್ಟು. ನಾಳೆಗೂ ಇರಲಿ ಅಂತ ಎತ್ತಿಟ್ಟವರದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ನಿಮ್ಮ ಕಾಗದ ಓದುವಾಗ ನನಗೆ ಈ ಹುಳ ನೆನಪಾಯಿತು. ಬರುವ ತಿಂಗಳ ಖರ್ಚು, ಬರುವ ವರ್ಷದ ಫೀಸು, ಮುಪ್ಪಿನ ಕಾಲ, ಎಲ್ಲವನ್ನೂ ರಾತ್ರಿ ಎರಡು ಗಂಟೆಗೆ ಒಟ್ಟುಗೂಡಿಸಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರೆ ಅದು ಕೊಳೆಯುತ್ತದೆ. ಇವತ್ತಿಗೆ ಸಿಕ್ಕ ಬಲ ಇವತ್ತಿನ ಅಳತೆಯದ್ದು. ಅದರಲ್ಲಿ ನಾಳೆಯದನ್ನು ಹೊರೋಕೆ ಹೋದರೆ ಸಾಲುವುದಿಲ್ಲ.

ಹಾಗಂತ ಮುಂದಾಲೋಚನೆಯೇ ತಪ್ಪು ಅಂತ ಅಲ್ಲ. ಅದೇ ಅಧ್ಯಾಯದಲ್ಲಿ ಆರನೇ ದಿನ ಎರಡರಷ್ಟು ಕೂಡಿಸಿಕೊಳ್ಳಿ ಅಂತಲೂ ಹೇಳಿದೆ. ಅವತ್ತು ಇಟ್ಟದ್ದು ಕೆಡಲಿಲ್ಲ. ಇನ್ನೊಂದು ಸಂಗತಿ ಯೆಹೋಶುವನ ಪುಸ್ತಕದಲ್ಲಿದೆ. ಜನ ಕಾನಾನಿನ ನೆಲದ ಬೆಳೆ ಉಂಡ ಮರುದಿನವೇ ಮನ್ನಾ ನಿಂತುಹೋಯಿತು. ನಲವತ್ತು ವರ್ಷ ಆಕಾಶದಿಂದ ಕೊಟ್ಟ ದೇವರೇ ಆಮೇಲೆ ‘ಇನ್ನು ಹೊಲ ಇದೆ, ಉತ್ತು ಬೆಳೆದುಕೊಳ್ಳಿ’ ಅಂದ ಹಾಗಾಯಿತು.

ಇಲ್ಲಿಗೆ ನಿಮ್ಮ ಸಭೆಯ ಹಿರಿಯರ ಮಾತಿಗೆ ಬರುತ್ತೇನೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಸಲಹೆ ತಪ್ಪು. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ಶತ್ರುಗಳು ಬರುತ್ತಾರೆ ಅಂತ ಗೊತ್ತಾಯಿತು. ಅವನು ದೇವರಿಗೆ ಪ್ರಾರ್ಥನೆ ಮಾಡಿದ, ಹಗಲೂ ರಾತ್ರಿ ಕಾವಲನ್ನೂ ಇಟ್ಟ. ಎರಡೂ ಒಂದೇ ವಚನದಲ್ಲಿವೆ. ಪೌಲ ಕೊರಿಂಥದಲ್ಲಿ ಸುವಾರ್ತೆ ಸಾರುತ್ತಲೇ ಗುಡಾರ ಮಾಡಿ ಬದುಕಿದ. ಕೈ ಕಟ್ಟಿ ಕೂತು ‘ದೇವರು ನೋಡಿಕೊಳ್ಳುತ್ತಾನೆ’ ಅನ್ನುವ ಬಗೆಯ ಭರವಸೆಯನ್ನು ಸತ್ಯವೇದದಲ್ಲಿ ಯಾರು ಹೇಳುತ್ತಾರೆ ಗೊತ್ತಾ? ಸೈತಾನ. ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂದ. ಅದಕ್ಕೆ 91ನೇ ಕೀರ್ತನೆಯ ಆಧಾರವನ್ನೂ ಕೊಟ್ಟ! ನಿನ್ನ ದೇವರನ್ನು ಪರೀಕ್ಷಿಸಬೇಡ ಅಂತ ಯೇಸು ಮೆಟ್ಟಿಲಿರುವ ದಾರಿಯನ್ನೇ ಉಳಿಸಿಕೊಂಡ. ನೀವು ಅರ್ಜಿ ಹಾಕುತ್ತಾ ಇರಿ. ಪ್ರತಿ ಅರ್ಜಿಯನ್ನೂ ಪ್ರಾರ್ಥನೆ ಮಾಡಿ ಕಳಿಸಿ. ಕಳಿಸಿದ ಮೇಲೆ ಗಂಟೆಗೊಂದು ಸಲ ಇನ್‌ಬಾಕ್ಸ್ ತೆಗೆದು ನೋಡುವುದನ್ನು ಮಾತ್ರ ಬಿಡಿ. ಅಲ್ಲಿಂದಾಚೆ ನಿಮ್ಮ ಪಾಲಿನ ಕೆಲಸ ಅಲ್ಲಿಲ್ಲ.

ಮೈಯ ಬಗ್ಗೆಯೂ ಒಂದು ಮಾತು. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ನೋಡಿ, ನಾಚಿಕೆ ಬೇಡ. ಪ್ರವಾದಿ ಎಲೀಯ ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂತ ಗಿಡದ ಕೆಳಗೆ ಮಲಗಿಬಿಟ್ಟಾಗ ದೇವರು ಅವನಿಗೆ ಬೋಧನೆ ಮಾಡಲಿಲ್ಲ. ಮಲಗೋಕೆ ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತು ಶುರುವಾದದ್ದು ಆಮೇಲೆ, ಬೆಟ್ಟದ ಮೇಲೆ.

ಈಗ ಶುಕ್ರವಾರದ ವಿಷಯ.

ಇದನ್ನು ನೀವು ಕೆಲಸದ ಪ್ರಶ್ನೆಯಾಗಿ ಬರೆದಿದ್ದೀರಿ. ನನಗೆ ಕಾಣುವ ಹಾಗೆ ನಿಮ್ಮ ಕಾಗದದಲ್ಲಿ ನಂಬಿಕೆಯ ನಿಜವಾದ ಪ್ರಶ್ನೆ ಇದೊಂದೇ. ಹೊಟ್ಟೆ ಹಿಂಡುವ ಭಯ ನಂಬಿಕೆಯನ್ನು ಅಳೆಯುವುದಿಲ್ಲ. ಸಹಿ ಅಳೆಯುತ್ತದೆ. ‘ಸ್ವಬುದ್ಧಿಯನ್ನೇ ಆಧಾರಮಾಡಿಕೊಳ್ಳದೆ ಪೂರ್ಣಮನಸ್ಸಿನಿಂದ ಯೆಹೋವನಲ್ಲಿ ಭರವಸವಿಡು’ ಅನ್ನುವ ಜ್ಞಾನೋಕ್ತಿ 3ನೇ ಅಧ್ಯಾಯದ ವಚನ ನಿಮಗೆ ಬಾಯಿಪಾಠ ಇರಬೇಕು. ಅದೇ ಅಧ್ಯಾಯವನ್ನು ಕೆಳಗಿನ ತನಕ ಓದಿ. 27, 28ನೇ ವಚನಕ್ಕೆ ಬರುವಾಗ ಮಾತು ಎಲ್ಲಿಗೆ ಇಳಿದಿರುತ್ತದೆ ಅಂದರೆ, ಕೊಡಬೇಕಾದವರಿಗೆ ಕೊಡು, ಕೈಯಲ್ಲಿ ಇಟ್ಟುಕೊಂಡು ‘ಹೋಗಿ ನಾಳೆ ಬಾ’ ಅನ್ನಬೇಡ ಅನ್ನುತ್ತದೆ. ಪೂರ್ಣಮನಸ್ಸಿನ ಭರವಸೆ ಇಪ್ಪತ್ತು ವಚನ ಕೆಳಗೆ ಬರುವಷ್ಟರಲ್ಲಿ ಬಾಕಿ ತೀರಿಸುವ ವಿಷಯವಾಗಿಬಿಟ್ಟಿದೆ. ಧರ್ಮೋಪದೇಶಕಾಂಡವೂ ಹೀಗೇ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು ಅನ್ನುತ್ತದೆ. ನಂಬಿಕೆಯ ಜೀವನ ಅಂತ ನಾವು ದೊಡ್ಡದಾಗಿ ಕರೆಯುವುದು ಹೆಚ್ಚಾಗಿ ಇಂಥ ಚಿಲ್ಲರೆ ವಿಷಯಗಳಲ್ಲೇ ನಡೆಯುತ್ತದೆ. ಕೊಟ್ಟ ಮಾತು, ತೂಗಿದ ತೂಕ, ಬರೆದ ಅಂಕಿ.

ಆ ಸಂಸ್ಥೆ ಪೂರ್ತಿ ಒಳ್ಳೆಯದಿರಬೇಕು ಅಂತ ನಾನು ಹೇಳುತ್ತಿಲ್ಲ. ಸೆರೆಹೋದ ದಾನಿಯೇಲ ಬಾಬೆಲಿನ (ಬ್ಯಾಬಿಲೋನಿನ) ಅರಮನೆಯಲ್ಲಿ ಉದ್ಯೋಗ ಮಾಡಿದ. ಅವನ ಊರನ್ನು ಸುಟ್ಟವರ ಸಂಬಳ ಅದು. ಅಂಥ ಕಡೆ ಕೆಲಸ ಮಾಡುವುದು ಬೇರೆ, ನಿಮ್ಮ ಕೈಯಿಂದಲೇ ಸುಳ್ಳು ಬರೆಯುವುದು ಬೇರೆ. ಹಾಗಾಗಿ ತಕ್ಷಣ ‘ಬೇಡ’ ಅನ್ನುವ ಬದಲು ಫೋನ್ ಮಾಡಿ ನೇರವಾಗಿ ಕೇಳಿ. ‘ನಿಮ್ಮಲ್ಲಿ ಕೆಲಸ ಮಾಡೋಕೆ ನನಗೆ ಇಷ್ಟ ಇದೆ. ಆದರೆ ನಡೆದದ್ದನ್ನಷ್ಟೇ ಲೆಕ್ಕದಲ್ಲಿ ಬರೆಯುತ್ತೇನೆ. ಅದು ನಿಮಗೆ ಒಪ್ಪಿಗೆಯೇ?’ ಇಷ್ಟು ಸಾಕು. ಉಪದೇಶ ಬೇಡ, ವಚನ ಹೇಳುವುದು ಬೇಡ, ಅವರನ್ನು ಕಳ್ಳರು ಅನ್ನುವುದೂ ಬೇಡ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಆ ಕೆಲಸ ಬಿಡಬೇಕು ಅಂತಲೇ ನನ್ನ ಅಭಿಪ್ರಾಯ. ಹಸಿದ ಮನೆಯಲ್ಲಿ ಕೂತು ಇದನ್ನು ಮಾಡುವುದು ಎಷ್ಟು ಕಷ್ಟ ಅಂತ ಗೊತ್ತಿಲ್ಲದೆ ಹೇಳುತ್ತಿಲ್ಲ.

ಹಾಗೆ ಬಿಟ್ಟರೆ ದೇವರು ಇನ್ನೂ ಒಳ್ಳೆಯ ಕೆಲಸ ಕೊಡುತ್ತಾನಾ? ಸಾಕ್ಷಿ ಹೇಳುವವರು ಕೊಡುತ್ತಾನೆ ಅಂತಾರೆ. ನಾನು ಮಾತು ಕೊಡಲಾರೆ. ಬೆಂಕಿಯ ಕುಲುಮೆಯ ಮುಂದೆ ನಿಂತ ದಾನಿಯೇಲನ ಮೂವರು ಗೆಳೆಯರು ರಾಜನಿಗೆ ಏನಂದರು ನೆನಪಿದೆಯಾ? ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಒಂದು ವೇಳೆ ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಅಂದರು. ಆ ‘ಬಿಡಿಸದಿದ್ದರೂ’ ಇಲ್ಲದೆ ಹೋದರೆ ಅದು ದೇವರ ಜೊತೆ ವ್ಯಾಪಾರ. ಪೌಲ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಸಂಕಟ ತಪ್ಪಲಿ ಅಂತ ಯೇಸು ಬೇಡಿಕೊಂಡದ್ದೂ ಹಾಗೇ ಉಳಿಯಿತು.

ನಿಮ್ಮ ಗೋಡೆಯಲ್ಲೂ ಪ್ರವಾದಿ ಯೆರೆಮೀಯನ ಪುಸ್ತಕದ 29:11 ಇರಬಹುದು. ದೇವರ ಯೋಜನೆ ಹಾನಿಗಲ್ಲ, ಹಿತಕ್ಕೆ, ನಿಮಗೆ ನಿರೀಕ್ಷೆ ಕೊಡುವುದಕ್ಕೆ ಅನ್ನುವ ವಚನ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಓದಿಸಿಕೊಂಡು ಕೇಳಿದವರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನ ನೋಡಲಿಲ್ಲ. ಅವರಿಗೆ ಕೊಟ್ಟ ಕೆಲಸ ಏನು? ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪರಊರಿನ ಒಳ್ಳೆಯದಕ್ಕೆ ಪ್ರಾರ್ಥನೆ ಮಾಡಿ.

ಅದೇ ಯೆರೆಮೀಯನ ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. ಸ್ವಲ್ಪ ನಿಂತು ಹೇಳುತ್ತೇನೆ. 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಕ್ರಿ.ಪೂ. 587ರ ಆಸುಪಾಸು. ಊರು ಬಿದ್ದೇ ಬೀಳುತ್ತದೆ ಅಂತ ಹೇಳಿದ್ದಕ್ಕೆ ರಾಜ ಇವನನ್ನು ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾನೆ. ಅಂಥ ಹೊತ್ತಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರು ಬಾಗಿಲಲ್ಲಿ ನಿಂತಿರುವಾಗ ಹೊಲ! ಯಾರಾದರೂ ನಕ್ಕುಬಿಡುವ ವ್ಯಾಪಾರ. ದೇವರು ಮೊದಲೇ ಹೇಳಿದ್ದ, ಹಾಗಾಗಿ ಯೆರೆಮೀಯ ಕೊಂಡುಕೊಂಡ. ಹೇಗೆ ಕೊಂಡ ಅಂತ ನೋಡಿ. ತಕ್ಕಡಿಯಲ್ಲಿ 17 ಶೆಕೆಲ್ ಬೆಳ್ಳಿ ತೂಗಿದ, ಇವತ್ತಿನ ಲೆಕ್ಕಕ್ಕೆ ಸುಮಾರು 200 ಗ್ರಾಂ. ಕ್ರಯಪತ್ರ ಬರೆಸಿ ಸಹಿ ಹಾಕಿದ. ಸಾಕ್ಷಿಗಳ ಸಹಿ ಹಾಕಿಸಿದ. ಮುಚ್ಚಿ ಮುದ್ರೆ ಒತ್ತಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುದಿನ ಹಾಳಾಗದೆ ಇರೋಕೆ ಮಣ್ಣಿನ ಪಾತ್ರೆಯಲ್ಲಿ ಇಡು ಅಂದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಅನ್ನುವ ದೇವರ ಮಾತಿಗೆ ಅವನ ‘ಆಮೆನ್’ ಆ ಕಾಗದಪತ್ರವೇ.

ಇದೆಲ್ಲ ಮುಗಿದು ಎಲ್ಲರೂ ಹೋದಮೇಲೆ ಅವನು ಪ್ರಾರ್ಥನೆಗೆ ಕೂತ. ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಅಂತ ಶುರು ಮಾಡುತ್ತಾನೆ. ಮುಗಿಸುವುದು ಹೇಗೆ ಗೊತ್ತಾ? ‘ಊರು ಶತ್ರುಗಳ ಕೈಗೆ ಹೋಗುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅಂದೆಯಲ್ಲಾ’ ಅನ್ನುವ ಧಾಟಿಯಲ್ಲಿ. ಮೊದಲು ಸಹಿ, ಆಮೇಲೆ ಅನುಮಾನ. ಅನುಮಾನ ತೀರಲಿ ಅಂತ ಅವನು ಕಾಯಲಿಲ್ಲ. ಕಡೆಗೆ ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಎಳೆದುಕೊಂಡು ಹೋದರು. ಆ ಹೊಲವನ್ನು ಅವನು ಉತ್ತ ಸುದ್ದಿ ಎಲ್ಲೂ ಇಲ್ಲ.

‘ನನ್ನ ನಂಬಿಕೆ ಅಷ್ಟು ಕಮ್ಮಿಯೇ’ ಅಂತ ಕೇಳಿದ್ದೀರಿ. ಹಳೆ ಒಡಂಬಡಿಕೆಯಲ್ಲಿ ನಂಬಿಕೆ, ನಂಬಿಗಸ್ತಿಕೆ ಅನ್ನುವ ಅರ್ಥಕ್ಕೆ ‘ಎಮುನಾ’ ಅನ್ನುವ ಹೀಬ್ರೂ ಪದ ಇದೆ. ಅದು ವಿಮೋಚನಕಾಂಡ 17ರಲ್ಲಿ ಬರುವುದು ಮನಸ್ಸಿನ ಬಗ್ಗೆ ಅಲ್ಲ, ಕೈಗಳ ಬಗ್ಗೆ. ಅಮಾಲೇಕ್ಯರ ಜೊತೆ ಯುದ್ಧ ನಡೆದಾಗ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿದ್ದ. ಕೈ ಸೋತು ಬೀಳತೊಡಗಿತು. ಆರೋನ, ಹೂರ ಇಬ್ಬರೂ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಕೈ ಹಿಡಿದರು. ಸೂರ್ಯ ಮುಳುಗುವ ತನಕ ಅವನ ಕೈ ‘ಎಮುನಾ’ ಆಗಿತ್ತು, ಅಂದರೆ ಅಲ್ಲಾಡದೆ ನಿಂತಿತ್ತು. ಅಷ್ಟು ಗಟ್ಟಿಯಾಗಿ ನಿಂತದ್ದು ಅವನ ಸ್ವಂತ ಬಲದಿಂದ ಅಲ್ಲ, ಗಮನಿಸಿ. ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಛಾವಣಿ ತೆಗೆದು ಇಳಿಸಿದಾಗಲೂ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು.

ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಕಳವಳ ತಂದದ್ದು ಇದೇ. ನೀವು ಐದು ತಿಂಗಳಿಂದ ಒಬ್ಬರೇ ಕೈ ಎತ್ತಿಕೊಂಡು ನಿಂತಿದ್ದೀರಿ. ಭಾನುವಾರ ‘ಹೇಗಿದ್ದೀರಿ’ ಅಂದರೆ ‘ದೇವರ ದಯೆ’ ಅಂದು ದಾಟಿಹೋಗುತ್ತಿದ್ದೀರಿ ಅಂತ ನನ್ನ ಊಹೆ. ಸಭೆಯಲ್ಲಿ ನಂಬುವಂಥ ಒಬ್ಬರನ್ನು, ಉಪದೇಶ ಮಾಡದೆ ಕೇಳಿಸಿಕೊಳ್ಳುವವರನ್ನು ಹುಡುಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೆಲಸ ಹುಡುಕೋಕೆ ನೆರವು ಕೇಳಿ. ಬೇಕಾದರೆ ಹಣದ ನೆರವನ್ನೂ ಕೇಳಿ. ಹೊಟ್ಟೆಗಿಲ್ಲದವನಿಗೆ ‘ಸಮಾಧಾನದಿಂದ ಹೋಗು’ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ತನ್ನ ಪತ್ರದಲ್ಲಿ ಕೇಳಿದ್ದು ಸಭೆಯವರನ್ನೇ. ಅವರಿಗೂ ಅವರ ಪಾಲಿನ ಕೆಲಸ ಮಾಡೋಕೆ ಅವಕಾಶ ಕೊಡಿ.

ಆದರೆ ಮೊದಲು ನಿಮ್ಮ ಹೆಂಡತಿಗೆ ಹೇಳಿ. ಶುಕ್ರವಾರಕ್ಕಿಂತ ಮುಂಚೆ, ಆ ಸಂಸ್ಥೆಗೆ ಫೋನ್ ಮಾಡುವುದಕ್ಕಿಂತಲೂ ಮುಂಚೆ. ಅವರಿಗೆ ಅರ್ಧ ಗೊತ್ತೇ ಇರುತ್ತದೆ. ಹೇಗೆ ಶುರು ಮಾಡೋದು ಅಂತ ತೋಚದಿದ್ದರೆ, ನನಗೆ ಬರೆದ ಈ ಪ್ರಶ್ನೆಯನ್ನೇ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಓದಿ ಮುಗಿಸುವ ತನಕ ಎದ್ದು ಹೋಗಬೇಡಿ.